ಯಾವ ಬೆಲೆಯ ಅರ್ಧ?

‘ಅರ್ಧ ಬೆಲೆ’ ಎಂಬ ಫಲಕ ಕಂಡೊಡನೆ ಗಿರಾಕಿ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಬೆಲೆಯ ಅರ್ಧ?

ವರ್ತಕನ ಬೆಲೆಯ ಮೇಲೆ ಕಣ್ಣಿಡುವುದು ನಮ್ಮಲ್ಲಿ ಹೊಸತೇನಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವು ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10ರಷ್ಟು ಲಾಭವನ್ನಷ್ಟೇ ಒಪ್ಪುತ್ತದೆ, ಮೀರಿದವನಿಗೆ ದಂಡ. ಅದು ಲಾಭಕ್ಕೇ ಹಾಕಿದ ಕಟ್ಟು.

ಇಂದಿನ ಕಾನೂನಾದರೋ ವರ್ತಕನ ಮಾತಿಗೆ ಕಟ್ಟು ಹಾಕುತ್ತದೆ. ಸರಕು ವಾಡಿಕೆಯಾಗಿ ಮಾರಾಟವಾಗುವ ಬೆಲೆಯ ವಿಷಯದಲ್ಲಿ ಜನರ ದಾರಿ ತಪ್ಪಿಸುವುದು ಅನುಚಿತ ವ್ಯಾಪಾರವೆಂದು, 1969ರ ಏಕಸ್ವಾಮ್ಯ ನಿಯಂತ್ರಣ ಕಾಯಿದೆಗೆ 1984ರಲ್ಲಿ ಬಂದ ತಿದ್ದುಪಡಿ ಸಾರಿತು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ, ದೂರು ಕೊಡಲು ಜಿಲ್ಲೆಯಲ್ಲೇ ವೇದಿಕೆ ಒದಗಿಸಿತು. ಅದರ ಸ್ಥಾನಕ್ಕೆ ಬಂದ 2019ರ ಕಾಯಿದೆಯಲ್ಲೂ ಈ ನಿಯಮ ಉಳಿದಿದೆ.

ಆದರೂ ಒಂದು ಮಾತು ಮರೆಯಬಾರದು. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಚಿಲ್ಲರೆ ಬೆಲೆಯು ಮೇಲ್ಮಿತಿಯೇ ಹೊರತು ವಾಡಿಕೆಯ ಬೆಲೆಯಲ್ಲ. ಸಾಮಾನ್ಯವಾಗಿ ಅದನ್ನು ಗೊತ್ತುಮಾಡುವವನು ತಯಾರಕನೇ. ಏರಿಸಿದ ಬೆಲೆಯಿಂದ ಇಳಿಸಿದ್ದು ರಿಯಾಯಿತಿಯಾಗದು. ನಾಲ್ಕು ಅಂಗಡಿಯ ದರ ವಿಚಾರಿಸಿ, ಜಾಹೀರಾತನ್ನೂ ರಸೀದಿಯನ್ನೂ ಜೋಪಾನವಾಗಿಟ್ಟ ಗಿರಾಕಿಯ ಕೈಯಲ್ಲೇ ಕಾನೂನಿಗೆ ಬಲ ಬರುವುದು.