ತಾರ್ವಟಿಗಳ ಪೆಟ್ಟಿಗೆಯಲ್ಲಿದ್ದ ಲೋಕಗಳು

ಗೋವೆಯ ‘ರೊಮಾನ್ಸ್’ ಪುಸ್ತಕವನ್ನು ಮೊದಲ ಸಲ ಕೈಗೆತ್ತಿಕೊಂಡ ಕನ್ನಡಿಗ ಮೊದಲ ಸಾಲಿನಲ್ಲೇ ತಡವರಿಸುತ್ತಾನೆ. ಲಿಪಿ ರೋಮನ್, ನುಡಿ ಕೊಂಕಣಿ. ಎಕ್ಸ್ ಅಕ್ಷರ ಕಂಡಲ್ಲಿ ‘ಶ’ ಎನ್ನಬೇಕು. ಒಂದೇ ಟಿ ಇದ್ದರೆ ‘ತ’, ಎರಡು ಟಿ ಜೋಡಿಯಾಗಿ ಬಂದರೆ ‘ಟ’. ಗೆಳೆಯ ಎಂಬರ್ಥದ ‘ಇಶ್ಟ್’ ಪದವನ್ನು ಐ, ಎಕ್ಸ್, ಟಿ, ಟಿ ಎಂದು ಬರೆಯುತ್ತಾರೆ. ಇಷ್ಟು ತಿಳಿದುಕೊಂಡು ಗಟ್ಟಿಯಾಗಿ ಓದಿದರೆ ಕರಾವಳಿಯ ಕಿವಿಗೆ ಅರ್ಧಕ್ಕರ್ಧ ಪರಿಚಯದ ಮಾತು ಕೇಳತೊಡಗುತ್ತದೆ. ಆಮೇಲೆ ಓದುಗ ಗೋವೆಯಲ್ಲಿ ಉಳಿಯುವುದಿಲ್ಲ. ಕಥೆ ಅವನನ್ನು ಕಡಲಾಚೆಯ ಯಾವುದೋ ನಾಡಿಗೆ ಹೊತ್ತೊಯ್ಯುತ್ತದೆ.

ಪೋರ್ಚುಗೀಸಿನಲ್ಲಿ ‘ರೊಮಾನ್ಸ್’ ಎಂದರೆ ಕಾದಂಬರಿ. ಕೊಂಕಣಿಯಲ್ಲಿ ಅದರ ಬಹುವಚನ ‘ರೊಮಾನ್ಸಿ’. ಪ್ರೇಮ, ಸಾಹಸ, ರಹಸ್ಯ ಮೂರನ್ನೂ ಹದವಾಗಿ ಬೆರೆಸಿದ ಈ ಅಗ್ಗದ ಕಿರುಹೊತ್ತಗೆಗಳಿಗೆ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಗೋವೆಯಲ್ಲೂ ಮುಂಬೈಯಲ್ಲೂ ದೊಡ್ಡ ಓದುಗ ಬಳಗವಿತ್ತು. ಕಾರಿದಾದ್ ದಾಮಾಸಿಯಾನ್ ಫೆರ್ನಾಂಡಿಸ್ ಈ ಪ್ರಕಾರದ ಹಿರಿಯರಲ್ಲೊಬ್ಬರು. ಅವರ ನಂತರ ಬಂದ ರೆಜಿನಾಲ್ಡ್ ಫೆರ್ನಾಂಡಿಸ್ ನೂರಕ್ಕೂ ಹೆಚ್ಚು ರೊಮಾನ್ಸಿ ಬರೆದರು. ಓದುಗರು ಅವರಿಗೆ ಕೊಟ್ಟ ಬಿರುದು ‘ರೊಮಾನ್ಸಿಂಚೊ ಪಾತ್ಶಾಯ್’, ಅಂದರೆ ಕಾದಂಬರಿಗಳ ಬಾದಶಹ. ಯಾವ ಅಕಾಡೆಮಿಯೂ ಕೊಡದ ಬಿರುದು ಅದು. ಕಾಸು ಕೊಟ್ಟು ಪುಸ್ತಕ ಕೊಂಡವರೇ ಕೊಟ್ಟದ್ದು.

ಈ ಪುಸ್ತಕಗಳು ಎಲ್ಲಿ ಓದಿಸಿಕೊಂಡವು ಎಂಬುದನ್ನು ನೋಡಬೇಕಾದರೆ ಮುಂಬೈಯ ಧೋಬಿ ತಲಾವ್ ಕಡೆಗೆ ಹೋಗಬೇಕು. ಹಡಗಿನ ಕೆಲಸಕ್ಕೆ ಹೋಗುವ ಗೋವನ್ನರನ್ನು ಊರಿನಲ್ಲಿ ‘ತಾರ್ವಟಿ’ ಎನ್ನುತ್ತಿದ್ದರು. ಮುಂದಿನ ಹಡಗು ಸಿಗುವವರೆಗೆ ಅವರ ವಾಸ ‘ಕೂಡ್’ಗಳಲ್ಲಿ. ಗೋವೆಯ ಒಂದೊಂದು ಹಳ್ಳಿಯವರು ತಮ್ಮ ಊರವರಿಗಾಗಿ ನಡೆಸುತ್ತಿದ್ದ ವಸತಿಗಳಿವು. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಸಾಲಾಗಿ ಪೆಟ್ಟಿಗೆಗಳು, ಒಂದು ತುದಿಯಲ್ಲಿ ದೇವರ ಪೀಠ. ಸಂಜೆ ಎಲ್ಲರೂ ಸೇರಿ ‘ತೆರ್ಸ್’ ಪ್ರಾರ್ಥನೆ ಹೇಳಬೇಕು. ಹಡಗಿಗಾಗಿ ಕಾಯುವ ಉಳಿದ ಹೊತ್ತನ್ನು ಕಳೆಯಲು ರೊಮಾನ್ಸಿಗಿಂತ ಒಳ್ಳೆಯ ಸಂಗಾತಿ ಎಲ್ಲಿತ್ತು? ನಿಜವಾದ ಪರದೇಶದ ಬಂದರುಗಳನ್ನು ಕಂಡು ಬಂದವನು ಕಟ್ಟುಕಥೆಯ ಪರದೇಶವನ್ನು ಆಸೆಪಟ್ಟು ಓದುತ್ತಿದ್ದ. ಹಡಗಿನಲ್ಲಿ ಅವನು ಅಡುಗೆಯವನೋ ಮಾಣಿಯೋ ಆಗಿದ್ದರೆ ಕಥೆಯಲ್ಲಿ ನಾಯಕನ ಜೊತೆಗೇ ಓಡಾಡಬಹುದಿತ್ತು.

ಈ ಓದಿನ ಬೆಲೆ ತಿಳಿಯಬೇಕಾದರೆ ನಾಲ್ಕು ಶತಮಾನ ಹಿಂದಕ್ಕೆ ನಡೆಯಬೇಕು. 1556ರಲ್ಲಿ ಹಳೆ ಗೋವೆಯ ಸೇಂಟ್ ಪಾಲ್ ಕಾಲೇಜಿಗೆ ಮುದ್ರಣಯಂತ್ರ ಬಂತು. ಭಾರತಕ್ಕೆ ಬಂದ ಮೊದಲ ಅಚ್ಚುಯಂತ್ರ ಅದೇ. ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸರ ಕ್ರೈಸ್ತ ಧರ್ಮಬೋಧೆಯ ಕೊಂಕಣಿ ಪುಸ್ತಕ 1622ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಅದರ ಶೀರ್ಷಿಕೆಯಲ್ಲಿ ಕೊಂಕಣಿಯನ್ನು ‘ಕನಾರಿಂ’ ಎಂದು ಕರೆದಿದೆ. ನಮ್ಮ ಕೆನರಾ ಜಿಲ್ಲೆಗಳ ಹೆಸರಿನ ನಂಟು ಕನ್ನಡಿಗರಿಗೆ ಥಟ್ಟನೆ ಹೊಳೆಯುತ್ತದೆ. ಆದರೆ ಅಚ್ಚು ಕಂಡ ನುಡಿಗೆ ಉಳಿಗಾಲ ಸಿಗಲಿಲ್ಲ. ಜನ ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕೆಂದು 1684ರಲ್ಲಿ ವೈಸರಾಯ್ ಆಜ್ಞೆ ಹೊರಡಿಸಿದ. ಮುದ್ರಣವಂತೂ ನಿಂತೇ ಹೋಗಿ, 1821ರಲ್ಲಿ ಮತ್ತೆ ಶುರುವಾಯಿತು.

ಇದಕ್ಕೂ ಹಿಂದಿನದೊಂದು ಸಂಗತಿಯಿದೆ. ಹದಿನಾರನೆಯ ಶತಮಾನದಲ್ಲಿ ಗೋವೆಯ ದೇವಸ್ಥಾನಗಳನ್ನು ಕೆಡವುತ್ತಿದ್ದಾಗ ಜೆಸ್ವಿಟ್ ಪಾದ್ರಿಗಳು ಜನರ ನಡುವಿನ ರಾಮಾಯಣ, ಮಹಾಭಾರತದ ಕಥೆಗಳನ್ನು ಕೊಂಕಣಿ ಗದ್ಯದಲ್ಲಿ, ರೋಮನ್ ಲಿಪಿಯಲ್ಲಿ ಬರೆಸಿಕೊಂಡರು. ಆ ಹಸ್ತಪ್ರತಿಗಳು ಇಂದಿಗೂ ಪೋರ್ಚುಗಲ್ಲಿನ ಬ್ರಾಗಾ ನಗರದ ಗ್ರಂಥಾಲಯದಲ್ಲಿವೆ. ಮಾಯೆ, ರಾಕ್ಷಸರು, ಪಾತಾಳ, ದೇವಲೋಕಗಳ ಕಥೆ ಗೋವೆಯವರ ಬಾಯಲ್ಲಿ ಮೊದಲಿನಿಂದಲೂ ಇತ್ತು. ರೊಮಾನ್ಸಿ ಹುಟ್ಟಿಸಿದ ಹಸಿವಲ್ಲ ಅದು.

ಹೊಸ ಬರವಣಿಗೆ ಗೋವೆಯ ಹೊರಗೇ ಚಿಗುರಿತು. ಮೊದಲ ಕೊಂಕಣಿ ಪತ್ರಿಕೆ ‘ಉದೆಂತೆಚೆಂ ಸಾಳಕ್’ 1889ರಲ್ಲಿ ಹೊರಟದ್ದು ಪುಣೆಯಿಂದ. ತಿಯಾತ್ರ್ ಎಂಬ ಕೊಂಕಣಿ ರಂಗನಾಟಕಗಳಲ್ಲಿ ಮೊದಲನೆಯದಾದ ‘ಇಟಾಲಿಯನ್ ಭುರ್ಗೊ’ವನ್ನು 1892ರ ಏಪ್ರಿಲ್ 17ರಂದು ಆಡಿದ್ದು ಮುಂಬೈಯಲ್ಲಿ. ಅದರ ಹೆಸರಿನಲ್ಲೇ ಪರದೇಶವಿತ್ತು. ಆ ಪತ್ರಿಕೆಯ ಸಂಪಾದಕ ಎದುವಾರ್ದು ಜುಜೆ ಬ್ರುನು ದಿ ಸೋಜರೇ 1911ರಲ್ಲಿ ‘ಕ್ರಿಸ್ತಾಂವ್ ಘರಾಬೊ’ ಪ್ರಕಟಿಸಿದರು. ಅದನ್ನೇ ಕೊಂಕಣಿಯ ಮೊದಲ ಕಾದಂಬರಿ ಎಂದು ಗುರುತಿಸುತ್ತಾರೆ. ಕ್ರೈಸ್ತ ಮನೆತನ ಹೇಗಿರಬೇಕೆಂದು ತಿಳಿಹೇಳುವುದು ಅದರ ಗುರಿ. ಓದುಗರು ಮಾತ್ರ ಬುದ್ಧಿಮಾತಿಗಿಂತ ದೂರದ ನಾಡುಗಳನ್ನೇ ಹೆಚ್ಚು ಮೆಚ್ಚಿದರು.

ಇಂಥ ಪುಸ್ತಕಗಳನ್ನು ಹಗುರವೆಂದು ತಳ್ಳಿಹಾಕುವುದು ತಪ್ಪು. ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದಾಗ, ಅದರ ಮಾಯಾ ತಿಲಿಸ್ಮಿನೊಳಗೆ ಹೊಗಲೆಂದೇ ಎಷ್ಟೋ ಮಂದಿ ಹಿಂದಿ ಕಲಿತರು ಎನ್ನುತ್ತಾರೆ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು, ‘ಚಂದಮಾಮ’ದ ಮಾಂತ್ರಿಕರು ಮಾಡಿದ ಕೆಲಸವೂ ಇದೇ. ಕೊಂಕಣಿಯ ಸ್ಥಿತಿ ಇನ್ನೂ ಕಷ್ಟದ್ದು. ಪೋರ್ಚುಗೀಸರ ಶಾಲೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಶಾಲೆ ಕಲಿಸದ ನುಡಿಯನ್ನು ಓದುವ ಅಭ್ಯಾಸ ಸಾಮಾನ್ಯರಲ್ಲಿ ಉಳಿದದ್ದು ಪ್ರಾರ್ಥನಾ ಪುಸ್ತಕ, 1933ರಲ್ಲಿ ಶುರುವಾದ ‘ವಾವ್ರಾಡ್ಯಾಂಚೊ ಇಶ್ಟ್’ನಂಥ ವಾರಪತ್ರಿಕೆ ಮತ್ತು ಈ ರೊಮಾನ್ಸಿಗಳಿಂದ.

ಮಂಗಳೂರಿನ ಕೊಂಕಣಿಗರು ಬೇರೆ ದಾರಿ ಹಿಡಿದರು. 1912ರ ‘ಕೊಂಕ್ಣಿ ದಿರ್ವೆಂ’, 1938ರ ‘ರಾಕ್ಣೊ’ ಎರಡೂ ಕನ್ನಡ ಲಿಪಿಯವು. ವಿ. ಜೆ. ಪಿ. ಸಲ್ಡಾನ್ಹಾ ಅವರ ‘ಬೆಳ್ತಂಗಡಿಚೊ ಬಾಲ್ತಜಾರ್’ನಂಥ ಐತಿಹಾಸಿಕ ಸಾಹಸಕಥೆಗಳು ಇಲ್ಲಿನ ಓದುಗರನ್ನು ಹಿಡಿದಿಟ್ಟವು. ಒಂದೇ ತಾಯ್ನುಡಿಯ ಎರಡು ಊರುಗಳಿಗೆ ಪರಸ್ಪರರ ಕಥೆಗಳು ಲಿಪಿಯ ಕಾರಣಕ್ಕೆ ಅಷ್ಟಾಗಿ ತಲುಪಲಿಲ್ಲ. ಈ ನಷ್ಟ ದೊಡ್ಡದು.

1987ರ ರಾಜಭಾಷಾ ಕಾಯ್ದೆಯಲ್ಲಿ ಗೋವಾ ಸರಕಾರ ದೇವನಾಗರಿಯ ಕೊಂಕಣಿಗೆ ಮನ್ನಣೆ ಕೊಟ್ಟಿತು. ಹೊಸ ತಲೆಮಾರು ಶಾಲೆಯಲ್ಲಿ ಆ ಲಿಪಿಯನ್ನೋ ಇಂಗ್ಲಿಷನ್ನೋ ಕಲಿಯಿತು. ರೋಮನ್ ಲಿಪಿಯ ಹಳೆಯ ರೊಮಾನ್ಸಿ ತೆಳು ಕಾಗದದ ಪುಸ್ತಕಗಳು. ಕರಾವಳಿಯ ಮಳೆಗಾಲವನ್ನು ಅವು ಹೆಚ್ಚು ವರ್ಷ ತಾಳುವುದಿಲ್ಲ. ಮುಂಬೈಯಲ್ಲಾಗಲಿ ಕಾರವಾರದಲ್ಲಾಗಲಿ, ಹಡಗಿನಲ್ಲಿ ದುಡಿದ ಅಜ್ಜನ ಪೆಟ್ಟಿಗೆ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಒಮ್ಮೆ ತೆರೆದು ನೋಡಿ. ಹಳದಿಗಟ್ಟಿದ ಕೊಂಕಣಿ ಪುಸ್ತಕ ಸಿಕ್ಕರೆ ರದ್ದಿಗೆ ಹಾಕಬೇಡಿ. ಪಣಜಿಯಲ್ಲಿ 1832ರಿಂದ ನಡೆದುಬಂದಿರುವ ಗ್ರಂಥಾಲಯ ಇಂದು ಕೃಷ್ಣದಾಸ ಶಾಮಾ ಅವರ ಹೆಸರಿನಲ್ಲಿ ಪಾಟ್ಟೊ ಬಡಾವಣೆಯಲ್ಲಿದೆ. ಆ ಪುಸ್ತಕವನ್ನು ಅಲ್ಲಿಗೆ ತಲುಪಿಸಿ.