ವರ್ಷಕ್ಕೊಂದು ಶುಕ್ರವಾರ, ಒಂದು ಸಣ್ಣ ನಾಣ್ಯ

ಲಿಂಗಂಪಲ್ಲಿ ದಾಟಿದ ರೈಲುಹಳಿ ವಿಕಾರಾಬಾದಿನಲ್ಲಿ ಕವಲೊಡೆಯುತ್ತದೆ. ಒಂದು ಬೀದರಿಗೆ, ಇನ್ನೊಂದು ತಾಂಡೂರಿನ ಮೇಲೆ ವಾಡಿಗೆ. ನಮ್ಮ ಪೈಕಿ ಬೀದರ್, ಕಲಬುರಗಿ ಕಡೆಯವರಿಗೆ ತವರಿನ ದಾರಿ ಇದೇ. ಈ ಸೀಮೆಯ ಕ್ರೈಸ್ತರಲ್ಲೂ ಇಂಥ ಕವಲುಗಳಿವೆ. ಬೀದರ್, ವಿಕಾರಾಬಾದಿನಲ್ಲಿ ಕೆಲಸ ಮಾಡಿದ್ದು ಅಮೆರಿಕದ ಮೆಥೊಡಿಸ್ಟ್ ಮಿಷನ್. ಮೆದಕ್‌ನಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಮೆದಕ್‌ನವರು ಅದರೊಳಗೆ ಬಂದರು, ಬೀದರಿನವರು ಬರಲಿಲ್ಲ. ಕ್ಯಾಥೊಲಿಕರು ಮೊದಲಿನಿಂದಲೂ ಬೇರೆ.

ಇಂಥ ಗೋಡೆಗಳನ್ನು ದಾಟಿ ಹೆಂಗಸರು ಒಟ್ಟಿಗೆ ಕೂಡಲೆಂದೇ ಒಂದು ದಿನವಿದೆ. ನಾವು ಮಾರ್ಚ್ 8ರ ಮಹಿಳಾ ದಿನಾಚರಣೆಗೆ ಸೀರೆ, ಹಾಡು, ಊಟದ ಲೆಕ್ಕದಲ್ಲಿ ಮುಳುಗಿರುವಾಗಲೇ ಅದು ಸದ್ದಿಲ್ಲದೆ ಬಂದುಹೋಗುತ್ತದೆ: ಮಾರ್ಚ್ ತಿಂಗಳ ಮೊದಲ ಶುಕ್ರವಾರ, ವಿಶ್ವ ಪ್ರಾರ್ಥನಾ ದಿನ.

ಇದರ ಬೇರು ಅಮೆರಿಕದಲ್ಲಿದೆ. 1887ರಲ್ಲಿ ಮೇರಿ ಎಲೆನ್ ಜೇಮ್ಸ್ ಎಂಬ ಪ್ರೆಸ್ಬಿಟೇರಿಯನ್ ಮಹಿಳೆ ಇಂಥದೊಂದು ದಿನಕ್ಕೆ ಕರೆ ಕೊಟ್ಟರು. 1890ರಲ್ಲಿ ಬ್ಯಾಪ್ಟಿಸ್ಟರಾದ ಹೆಲೆನ್ ಮಾಂಟ್ಗೊಮರಿ ಮತ್ತು ಲೂಸಿ ಪೀಬಾಡಿ ಇನ್ನೊಂದಕ್ಕೆ ಕರೆ ಕೊಟ್ಟರು. ಈ ಲೂಸಿ ನಮಗೆ ಪೂರಾ ಹೊರಗಿನವರಲ್ಲ. 1881ರಿಂದ 1886ರವರೆಗೆ ಮದ್ರಾಸಿನಲ್ಲಿ ತೆಲುಗರ ನಡುವೆ ಇದ್ದು, ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಮರಳಿದವರು. ಆ ಎರಡು ದಿನಗಳು 1920ರಲ್ಲಿ ಒಂದಾದವು. 1927ರಲ್ಲಿ ಜಗತ್ತಿಗೇ ಒಂದು ದಿನವಾಯಿತು. ಎರಡನೆಯ ವ್ಯಾಟಿಕನ್ ಸಭೆಯ ನಂತರ ಕ್ಯಾಥೊಲಿಕ್ ಮಹಿಳೆಯರೂ ಸೇರಿಕೊಂಡರು.

ಆಗ ಹೆಂಗಸರಿಗೆ ಹೆಚ್ಚಿನ ಚರ್ಚುಗಳಲ್ಲಿ ವೇದಿಕೆ ಹತ್ತಿ ಬೋಧಿಸುವ ಹಕ್ಕಿರಲಿಲ್ಲ. ಕಾಣಿಕೆ ಕೂಡಿಸುವುದು ಅವರು, ತೀರ್ಮಾನ ಗಂಡಸರದು. ದಕ್ಷಿಣ ಭಾರತ ಸಭೆಯಲ್ಲಿ ಮೊದಲ ಮಹಿಳಾ ಬಿಷಪ್ ಆಗಿ ನಂದ್ಯಾಲದ ಪುಷ್ಪಲಲಿತಾ ಬಂದದ್ದು 2013ರಲ್ಲಿ! ಅದಕ್ಕೂ ಎಷ್ಟೋ ದಶಕ ಮುಂಚಿನಿಂದ ಈ ಶುಕ್ರವಾರದ ಆರಾಧನೆಯನ್ನು ಬರೆಯುವವರೂ ಹೆಂಗಸರೇ, ನಡೆಸುವವರೂ ಹೆಂಗಸರೇ.

ಬರೆಯುವ ಕ್ರಮವೇ ನನಗೆ ಬಹಳ ಹಿಡಿಸಿದ್ದು. ಪ್ರತಿ ವರ್ಷ ಒಂದು ದೇಶದ ಮಹಿಳೆಯರು ತಮ್ಮ ಕಷ್ಟಸುಖ ಸೇರಿಸಿ ಪ್ರಾರ್ಥನೆ ಬರೆಯುತ್ತಾರೆ. ಉಳಿದವರು ಅದನ್ನೇ ತಮ್ಮ ಭಾಷೆಗೆ ತಂದುಕೊಂಡು ಓದುತ್ತಾರೆ. 1930ರದನ್ನು ಬರೆದವರು ಕೊರಿಯಾದ ಹೆಲೆನ್ ಕಿಮ್. ಅವರ ದೇಶ ಆಗ ಜಪಾನಿನ ಕೈಯಲ್ಲಿತ್ತು. 1985ರದು ಭಾರತದ್ದು, ಪ್ರಾರ್ಥನೆ ಮತ್ತು ಕ್ರಿಯೆಯ ಮೂಲಕ ಶಾಂತಿ ಎಂಬ ವಿಷಯ. ಇಂಥ ಪಠ್ಯ ಬಹಳ ಮೊದಲೇ ಸಿದ್ಧವಾಗಿರುತ್ತದೆ. ಆದರೆ ಅದನ್ನು ಓದುವ ಆ ಮಾರ್ಚ್ ಬರುವಷ್ಟರಲ್ಲಿ ದೆಹಲಿಯ ಸಿಖ್ಖರ ಹತ್ಯಾಕಾಂಡವೂ ಭೋಪಾಲದ ವಿಷಾನಿಲವೂ ನಡೆದುಹೋಗಿದ್ದವು.

ಇನ್ನೊಬ್ಬರ ಪ್ರಾರ್ಥನೆಯನ್ನು ಅವರ ಮಾತಿನಲ್ಲೇ ಓದುವುದು ಸುಲಭವೂ ಅಲ್ಲ. 2024ರದು ಪ್ಯಾಲೆಸ್ಟೈನಿನ ಮಹಿಳೆಯರದು. ಗಾಜಾ ಯುದ್ಧದ ನಡುವೆ ಜರ್ಮನಿಯ ಸಮಿತಿ ಅದನ್ನು ತಿದ್ದಿ ಪ್ರಕಟಿಸಿತು, ಜಗಳವಾಯಿತು. ತಿದ್ದಬಾರದಿತ್ತು ಎಂದೇ ನನಗನಿಸುತ್ತದೆ. ಜರ್ಮನಿಯವರ ಇತಿಹಾಸ ನೆನೆದರೆ ಅವರ ಅಳುಕೂ ಅರ್ಥವಾಗುತ್ತದೆ.

ಈ ಕೂಟಗಳ ಸುತ್ತ ಬೆಳೆದ ಇನ್ನೊಂದು ಕಥೆ ಅಪ್ಪಟ ನಮ್ಮ ದೇಶದ್ದು. 1956ರಲ್ಲಿ ಶಾಂತಿ ಸಾಲೊಮನ್ ಎಂಬ ಭಾರತೀಯ ಮಹಿಳೆ ಬೇರೆ ಬೇರೆ ದೇಶಗಳ ಮಹಿಳೆಯರ ತಂಡದೊಂದಿಗೆ ಏಷ್ಯಾ ಸುತ್ತುತ್ತಿದ್ದರು. ಕೊರಿಯಾ ಯುದ್ಧ ನಿಂತು ಮೂರೇ ವರ್ಷ. ಅವರಿಗೆ ಕೊರಿಯಾದ ವೀಸಾ ಸಿಗಲಿಲ್ಲ. ತಂಡ ಮುಂದೆ ಹೋಯಿತು, ಇವರು ಫಿಲಿಪ್ಪೀನ್ಸಿನಲ್ಲಿ ಉಳಿದರು. ಮನುಷ್ಯರಿಗೆ ಗಡಿ ಅಡ್ಡ ಬರುತ್ತದೆ, ಪ್ರಾರ್ಥನೆಗೆ ಬರುವುದಿಲ್ಲವಲ್ಲ ಎಂಬ ಯೋಚನೆ ಹುಟ್ಟಿದ್ದು ಅಲ್ಲಿ. ಪ್ರತಿ ಸಲ ಪ್ರಾರ್ಥಿಸುವಾಗ ತನ್ನ ದೇಶದ ಅತಿ ಸಣ್ಣ ನಾಣ್ಯವೊಂದನ್ನು ತೆಗೆದಿಡಬೇಕು. ನಾವು ಮುಡುಪು ಕಟ್ಟಿಡುವ ಹಾಗೆ, ಆದರೆ ತನಗಾಗಿ ಅಲ್ಲ. ಸಿರಿವಂತೆಯೂ ಹೆಚ್ಚು ಹಾಕುವಂತಿಲ್ಲ. ಬಡವಿ ಕಡಿಮೆ ಹಾಕಿದೆನೆಂದು ತಲೆ ತಗ್ಗಿಸಬೇಕಿಲ್ಲ. 1958ರಲ್ಲಿ ಹಾಂಗ್‌ಕಾಂಗಿನಲ್ಲಿ ಸೇರಿದ ಏಷ್ಯಾದ ಕ್ರೈಸ್ತ ಮಹಿಳೆಯರ ಸಮ್ಮೇಳನ ಇದನ್ನು ಒಪ್ಪಿ ಕೈಗೆತ್ತಿಕೊಂಡಿತು.

ಶಾಂತಿ ಅವರಿಗೆ ಇದು ಹೊಳೆದಾಗ ನಮ್ಮಲ್ಲಿ ಇನ್ನೂ ಆಣೆ ಕಾಸುಗಳ ಕಾಲ; ನಯಾ ಪೈಸೆ ಬಂದದ್ದು ಮರುವರ್ಷ. ಈಗ ಪೈಸೆಯೂ ಹೋಗಿ, ಕೈಗೆ ಸಿಗುವ ಅತಿ ಸಣ್ಣ ನಾಣ್ಯ ಒಂದು ರೂಪಾಯಿ. ಬಟ್ಟೆಯ ಚೀಲಗಳಲ್ಲಿ, ಡಬ್ಬಿಗಳಲ್ಲಿ ಕೂಡಿದ ಆ ಚಿಲ್ಲರೆ ಇಂದಿಗೂ ಯಾವುದೋ ದೇಶದ, ಹೆಸರು ಗೊತ್ತಿಲ್ಲದ ಹೆಂಗಸರ ಕೆಲಸಕ್ಕೆ ಹೋಗುತ್ತಿದೆ.