೧೮೫೪ರ ನಾಲ್ಕಾಣೆಯ ಅಂಚೆಚೀಟಿಯೂ ವರ್ಣಮುದ್ರಣದ ದೋಷಗಳೂ

ಶಾಸನಗಳನ್ನು ಓದುವವರು ಕಂಡರಣೆಗಾರನ ತಪ್ಪುಗಳನ್ನು ಉಪೇಕ್ಷಿಸುವುದಿಲ್ಲ. ಬಿಟ್ಟುಹೋದ ಒಂದಕ್ಷರದಿಂದಲೂ, ಹೆಚ್ಚಾಗಿ ಬಿದ್ದ ಒಂದು ಸೊನ್ನೆಯಿಂದಲೂ ಆ ಕಾಲದ ಉಚ್ಚಾರಣೆಯೂ ಕೆಲಸದ ರೀತಿಯೂ ಹೊರಪಡುತ್ತವೆ. ಅಂಚೆಚೀಟಿಗಳ ವರ್ಣಮುದ್ರಣದಲ್ಲಿ ಸಂಭವಿಸಿದ ದೋಷಗಳಿಗೂ ಇದೇ ಬಗೆಯ ಪ್ರಮಾಣತ್ವವುಂಟು. ಅವುಗಳ ಬೆಲೆಯನ್ನು ಕುರಿತು ಬರೆದವರು ಬಹು ಮಂದಿ. ಅವುಗಳಿಂದ ಮುದ್ರಣಾಲಯದ ವಿಚಾರವಾಗಿ ಏನು ತಿಳಿಯಬಹುದೆಂದು ವಿಚಾರಿಸಿದವರು ಕಡಮೆ. ಕಲ್ಕತ್ತೆಯಲ್ಲಿ ೧೮೫೪ರಲ್ಲಿ ಅಚ್ಚಾದ ನಾಲ್ಕಾಣೆಯ ಚೀಟಿಯು ಇಂತಹ ವಿಚಾರಣೆಗೆ ಬಹಳ ಯೋಗ್ಯವಾದುದಾಗಿದೆ.

೧೮೫೨ನೆಯ ಜುಲೈ ತಿಂಗಳಲ್ಲಿ ಸಿಂಧ್ ಪ್ರಾಂತದ ಕಮಿಷನರನಾಗಿದ್ದ ಬಾರ್ಟಲ್ ಫ್ರಿಯರನು ತನ್ನ ಪ್ರಾಂತಕ್ಕೆ ಮಾತ್ರ ಅರ್ಧಾಣೆಯ ಚೀಟಿಗಳನ್ನು ಬಳಕೆಗೆ ತಂದನು. ಇಡೀ ದೇಶಕ್ಕೆ ಅನ್ವಯಿಸುವ ಏರ್ಪಾಡು ಆದುದು ಲಾರ್ಡ್ ಡಾಲ್‌ಹೌಸಿಯ ಆಡಳಿತದಲ್ಲಿ, ೧೮೫೪ನೆಯ ಇಸವಿಯ ೧೭ನೆಯ ಆಕ್ಟಿನ ಮೂಲಕ. ಅದೇ ವರ್ಷದ ಅಕ್ಟೋಬರು ಒಂದನೆಯ ತಾರೀಖಿನಿಂದ, ಕಾಲು ತೊಲೆ ತೂಕದ ಕಾಗದವು ಎಷ್ಟು ದೂರ ಹೋದರೂ ಅರ್ಧಾಣೆಯೇ ಸಾಕೆಂದು ಗೊತ್ತಾಯಿತು. ಹೀಗೆ ಗೊತ್ತುಮಾಡುವುದು ಸುಲಭ. ಅದಕ್ಕೆ ಬೇಕಾದ ಲಕ್ಷಾಂತರ ಚೀಟಿಗಳನ್ನು ಒದಗಿಸುವುದು ಸುಲಭವಾಗಿರಲಿಲ್ಲ. ಕಲ್ಕತ್ತೆಯ ಟಂಕಸಾಲೆಯ ಕರ್ನಲ್ ಫೋರ್ಬ್ಸನು ಸಿಂಹವೂ ತಾಳೆಯ ಮರವೂ ಉಳ್ಳ ಒಂದು ಮಾದರಿಯನ್ನು ಸಿದ್ಧಪಡಿಸಿದನಾದರೂ, ಬೇಕಾದಷ್ಟನ್ನು ಕಾಲಕ್ಕೆ ಸರಿಯಾಗಿ ಮುದ್ರಿಸಿಕೊಡುವ ಭರವಸೆಯನ್ನು ಕೊಡಲಾರದೆ ಹೋದನು. ಆಗ ಈ ಕೆಲಸವು ಡೆಪ್ಯುಟಿ ಸರ್ವೆಯರ್ ಜನರಲ್ ಆಗಿದ್ದ ಕ್ಯಾಪ್ಟನ್ ತುಯಿಲಿಯರನ ಪಾಲಿಗೆ ಬಂದಿತು. ಅವನ ಇಲಾಖೆಯಲ್ಲಿ ಭೂಪಟಗಳನ್ನು ತೆಗೆಯುವ ಕಲ್ಲಚ್ಚಿನ ಯಂತ್ರಗಳಿದ್ದುವು. ಚೀಟಿಯ ಚಿತ್ರವನ್ನು ತಾಮ್ರದ ಮೇಲೆ ಕೊರೆದು, ಅದರ ಪಡಿಯಚ್ಚುಗಳನ್ನು ಕಲ್ಲಿಗೆ ಸಾಲಾಗಿ ಇಳಿಸಿ ಮುದ್ರಿಸುವುದೇ ಅಲ್ಲಿಯ ವಿಧಾನ. ಕೊರೆಯುವ ಕೆಲಸ ಮಾಡಿದವನು ದಾಖಲೆಗಳಲ್ಲಿ ನ್ಯೂಮರೊದೀನ್ ಎಂಬ ವಿಕಾರರೂಪದ ಹೆಸರಿನಿಂದ ಕಾಣಬರುವ ದೇಶೀಯ ಕುಶಲಿ.

ವರ್ಣದ ತೊಡಕು ಮೊದಲನೆಯ ಚೀಟಿಯಲ್ಲಿಯೇ ತಲೆದೋರಿತು. ಅರ್ಧಾಣೆಯದನ್ನು ಇಂಗಳೀಕದ ಕೆಂಪಿನಲ್ಲಿ ಅಚ್ಚುಮಾಡಲು ತುಯಿಲಿಯರನು ತೊಡಗಿದನು. ಇಂಗ್ಲೆಂಡಿನಿಂದ ಬಂದಿದ್ದ ಇಂಗಳೀಕವು ಸ್ವಲ್ಪ ಕಾಲದಲ್ಲಿಯೇ ಮುಗಿದುಹೋಯಿತು. ಪೇಟೆಯಲ್ಲಿ ದೊರೆತ ದೇಶೀಯ ಇಂಗಳೀಕವನ್ನು ಉಪಯೋಗಿಸಿ ನೋಡಿದಾಗ ಕಲ್ಲಿನ ಮೇಲಣ ಅಚ್ಚುಗಳೇ ಕೆಟ್ಟುಹೋದುವು. ಕಲ್ಲಚ್ಚಿನಲ್ಲಿ ಚಿತ್ರವು ಕಲ್ಲಿನ ಮೇಲೆ ಉಬ್ಬಾಗಿಯಾಗಲಿ ಆಳವಾಗಿಯಾಗಲಿ ನಿಲ್ಲುವುದಿಲ್ಲ. ಜಿಡ್ಡು ನೀರನ್ನು ಒಲ್ಲದೆಂಬ ಒಂದೇ ಗುಣವನ್ನು ನೆಮ್ಮಿ ನಿಂತಿರುತ್ತದೆ. ಆದುದರಿಂದ ಒಗ್ಗದ ಬಣ್ಣವು ಬಿದ್ದರೆ ಅದು ಅಳಿಯುವುದರಲ್ಲಿ ಆಶ್ಚರ್ಯವಿಲ್ಲ. ಕಡೆಗೆ ಕೆಂಪನ್ನು ಬಿಟ್ಟು, ಚಿತ್ರವನ್ನೂ ಹೊಸದಾಗಿ ಕೊರೆಯಿಸಿ, ನೀಲಿಯಲ್ಲಿ ಮುದ್ರಿಸಲಾಯಿತು. ಸಂಗ್ರಾಹಕರು ಕೆಂಪಿನದನ್ನು ‘ಒಂಬತ್ತೂವರೆ ಕಮಾನಿನ ಚೀಟಿ’ಯೆಂದು ಕರೆಯುವರು, ನೀಲಿಯದರ ಅಂಚಿನಲ್ಲಿ ಎಂಟೇ ಕಮಾನುಗಳಿವೆ. ಕೆಲವರು ಈ ಕೆಂಪು ಅರ್ಧಾಣೆಯನ್ನು ವರ್ಣದೋಷವೆಂದು ಎಣಿಸುವುದುಂಟು, ಅದು ಸರಿಯಲ್ಲ. ಕೆಂಪೇ ಉದ್ದೇಶಿತ ವರ್ಣವಾಗಿತ್ತು. ಸಾಮಗ್ರಿಯ ಅಭಾವದಿಂದ ಉದ್ದೇಶವೇ ಬದಲಾಯಿತು. ದೋಷವೆಂಬ ಮಾತನ್ನು ಉದ್ದೇಶಕ್ಕೆ ತಪ್ಪಿ ನಡೆದುದಕ್ಕೆ ಮಾತ್ರ ಮೀಸಲಿಡುವುದು ಒಳ್ಳೆಯದು.

ಒಂದಾಣೆಯ ಚೀಟಿಯು ಕೆಂಪಿನಲ್ಲಿಯೂ, ಟಂಕಸಾಲೆಯಲ್ಲಿ ಬೇರೆ ವಿಧಾನದಿಂದ ಅಚ್ಚಾದ ಎರಡಾಣೆಯದು ಹಸುರಿನಲ್ಲಿಯೂ ಹೊರಬಂದುವು. ನಾಲ್ಕಾಣೆಯದಕ್ಕೆ ಮಾತ್ರ ಎರಡು ವರ್ಣಗಳನ್ನು ಗೊತ್ತುಮಾಡಿದರು: ಕೆಂಪಿನ ಎಂಟು ಮೂಲೆಯ ಚೌಕಟ್ಟು, ಅದರ ನಡುವೆ ನೀಲಿಯಲ್ಲಿ ವಿಕ್ಟೋರಿಯಾ ರಾಣಿಯ ಶಿರಸ್ಸು. ೧೮೪೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಪಾರಿವಾಳದ ಚಿತ್ರವುಳ್ಳ ಬಹುವರ್ಣದ ಚೀಟಿಯೊಂದು ಹೊರಟಿದ್ದಿತು. ಅದಾದ ಒಂಬತ್ತು ವರ್ಷಗಳಿಗೆ ಕಲ್ಕತ್ತೆಯವರು ಈ ಸಾಹಸಕ್ಕೆ ಕೈಹಾಕಿದರು.

ಆಗಿನ ಯಂತ್ರವು ಒಂದು ಸಲಕ್ಕೆ ಒಂದೇ ಬಣ್ಣವನ್ನು ಒತ್ತಬಲ್ಲುದಾಗಿತ್ತು. ಮೊದಲು ಹಾಳೆಗೆ ಹನ್ನೆರಡು ಕೆಂಪು ಚೌಕಟ್ಟುಗಳನ್ನು, ಸಾಲಿಗೆ ನಾಲ್ಕರಂತೆ ಮೂರು ಸಾಲಾಗಿ, ಅಚ್ಚುಮಾಡುವರು. ಬಣ್ಣ ಆರಿದ ತರುವಾಯ ಅದೇ ಹಾಳೆಯನ್ನು ಇನ್ನೊಂದು ಕಲ್ಲಿನ ಮೇಲಿಟ್ಟು ನೀಲಿಯ ಶಿರಸ್ಸುಗಳನ್ನು ಒತ್ತುವರು. ಎರಡನೆಯ ಸಲ ಹಾಳೆಯು ಕೂದಲೆಳೆಯಷ್ಟು ಜರುಗಿದರೂ ಶಿರಸ್ಸು ನಡುವಿನಿಂದ ಸರಿಯುತ್ತದೆ. ಉಳಿದುಬಂದಿರುವ ಚೀಟಿಗಳಲ್ಲಿ ಹೀಗೆ ಸರಿದ ಶಿರಸ್ಸುಗಳು ಅನೇಕವಾಗಿವೆ. ಅವು ಕಾಗದವನ್ನು ಕೈಯಿಂದಲೇ ಹೊಂದಿಸುತ್ತಿದ್ದರೆಂಬುದಕ್ಕೆ ಸಾಕ್ಷಿ. ಇಡೀ ಹಾಳೆಯೇ ತಿರುಗಿಬಿದ್ದರೆ ಹನ್ನೆರಡು ಚೌಕಟ್ಟುಗಳಲ್ಲಿಯೂ ರಾಣಿಯು ತಲೆಕೆಳಗಾಗಿ ನಿಲ್ಲುವಳು. ನಡೆದುದು ಇದೇ. ಮೂರು ವರ್ಷಗಳ ತರುವಾಯ ಸಂಭವಿಸಿದ ದಂಗೆಯನ್ನು ನೆನೆದು ಇದರಲ್ಲಿ ಯಾವನೋ ಕೆಲಸಗಾರನ ರಾಜದ್ವೇಷವನ್ನು ಕಾಣಲು ಯಾರಾದರೂ ಬಯಸಿದರೆ, ಅದಕ್ಕೆ ಆಧಾರವಿಲ್ಲ. ಆರಲೆಂದು ಹರಡಿದ್ದ ಹಾಳೆಗಳನ್ನು ಕೂಡಿಸುವಾಗ ಒಂದೆರಡು ಅಡಿಮೇಲಾಗುವುದು ಯಾವ ಮುದ್ರಣಾಲಯದಲ್ಲಿಯೂ ಸಾಧ್ಯವೇ.

ಇಂತಹ ಹಾಳೆಗಳೆಷ್ಟು ಎಂಬ ಪ್ರಶ್ನೆಯು ಬಹುಕಾಲದಿಂದ ಚರ್ಚೆಗೆ ಬಂದಿದೆ. ತಲೆಕೆಳಗಾದ ಚೀಟಿಗಳು ಇಂದಿಗೆ ಗೊತ್ತಿರುವುವು ಇಪ್ಪತ್ತಕ್ಕೂ ಮೇಲ್ಪಟ್ಟಿವೆ. ಹಾಳೆಗೆ ಹನ್ನೆರಡೇ ಆದುದರಿಂದ ಒಂದು ಹಾಳೆಯ ವಾದವು ಇದರಿಂದಲೇ ಬಿದ್ದುಹೋಗುತ್ತದೆ. ಎರಡಕ್ಕೆ ಕಡಮೆಯಿಲ್ಲವೆಂಬುದು ನಿಶ್ಚಯ. ಅಂದಿನ ಲಕೋಟೆಗಳಲ್ಲಿ ಉಳಿದುಬಂದುವು ಎಷ್ಟು ಸ್ವಲ್ಪವೆಂಬುದನ್ನು ಎಣಿಸಿದರೆ ಇನ್ನೂ ಹೆಚ್ಚಿದ್ದುವೆಂದು ಊಹಿಸುವುದೇ ಯುಕ್ತ. ಇದಕ್ಕಿಂತ ಗಮನಾರ್ಹವಾದ ಅಂಶವು ಮತ್ತೊಂದಿದೆ. ಇವೆಲ್ಲವೂ ಬಳಸಿದ ಚೀಟಿಗಳು. ಬಳಸದೆ ಉಳಿದುದು ಒಂದೂ ಕಂಡುಬಂದಿಲ್ಲ. ಮಾರಿದ ಗುಮಾಸ್ತನಾಗಲಿ, ಕೊಂಡು ಅಂಟಿಸಿದವನಾಗಲಿ, ಮುದ್ರೆಯೊತ್ತಿದ ಅಂಚೆಯವನಾಗಲಿ ತಡೆಯಲಿಲ್ಲವೆಂದಾಯಿತು. ಹೊಸದಾಗಿ ಬಂದ ಚೀಟಿಯು ಆಗಿನ ಜನಕ್ಕೆ ಹಣ ಸಂದಿತೆಂಬುದರ ಗುರುತು. ಅದರ ಚಿತ್ರವನ್ನು ನೋಡುವ ಅಭ್ಯಾಸವು ಇನ್ನೂ ಹುಟ್ಟಿರಲಿಲ್ಲ. ಸುಮಾರು ಎರಡು ದಶಕಗಳು ಕಳೆದ ಮೇಲೆಯೇ ಸಂಗ್ರಾಹಕರ ದೃಷ್ಟಿ ಇದರ ಮೇಲೆ ಬಿದ್ದುದು. ಅಷ್ಟರಲ್ಲಿ ಅನೇಕ ಚೀಟಿಗಳ ಅಂಚನ್ನು ಚೌಕಟ್ಟಿನ ಎಂಟು ಮೂಲೆಗಳಿಗೆ ಅನುಸಾರವಾಗಿ ಕತ್ತರಿಸಿಬಿಟ್ಟಿದ್ದರು. ಇದರಿಂದಾದ ನಷ್ಟವು ಬೆಲೆಯೊಂದರದೇ ಅಲ್ಲ: ಚೀಟಿಯು ಹಾಳೆಯಲ್ಲಿ ಯಾವ ಸ್ಥಾನದಲ್ಲಿದ್ದಿತೆಂಬುದನ್ನು ನಿರ್ಣಯಿಸಲು ಬೇಕಾದ ಅಂಚಿನ ಕಾಗದವೇ ಹೋಯಿತು.

ಸ್ಥಾನದ ದೋಷಕ್ಕಿಂತ ಭಿನ್ನವಾದುದು ನಿಜವಾದ ವರ್ಣದೋಷ. ೧೮೬೧ರಲ್ಲಿ ಕೇಪ್ ಆಫ್ ಗುಡ್ ಹೋಪ್ ವಸಾಹತಿನ ತ್ರಿಕೋಣದ ಚೀಟಿಗಳು ಸಾಲದೆ ಬಂದಾಗ ಕೇಪ್‌ಟೌನಿನ ಸಾಲೊಮನ್ ಮುದ್ರಣಾಲಯದಲ್ಲಿ ಅವಸರದಿಂದ ಅಚ್ಚುಮಾಡಿಸಿದರು. ಮರದ ಮೇಲೆ ಕೂರಿಸಿದ ಬಿಡಿ ಅಚ್ಚುಗಳನ್ನು ಜೋಡಿಸುವಾಗ ನಾಲ್ಕು ಪೆನ್ಸಿನದೊಂದು ಒಂದು ಪೆನ್ನಿಯವುಗಳ ನಡುವೆಯೂ, ಒಂದು ಪೆನ್ನಿಯದೊಂದು ನಾಲ್ಕರವುಗಳ ನಡುವೆಯೂ ಸೇರಿಹೋಗಿ, ಕೆಂಪಿನ ನಾಲ್ಕು ಪೆನ್ಸೂ ನೀಲಿಯ ಒಂದು ಪೆನ್ನಿಯೂ ಹುಟ್ಟಿದುವು. ಸ್ವೀಡನ್ನಿನ ೧೮೫೫ರ ಮೂರು ಸ್ಕಿಲ್ಲಿಂಗಿನ ಚೀಟಿಯು ನೀಲಿಗಲೆತ ಹಸುರಿಗೆ ಬದಲಾಗಿ ಎಂಟು ಸ್ಕಿಲ್ಲಿಂಗಿನದರ ಹಳದಿಯಲ್ಲಿ ಅಚ್ಚಾಗಿರುವುದಕ್ಕೂ ಇಂತಹ ಬೆರಕೆಯನ್ನೇ ಕಾರಣವಾಗಿ ಹೇಳುವರು. ಇದರಲ್ಲಿ ಉಳಿದಿರುವುದು ಒಂದೇ ಪ್ರತಿ. ಒಂದೇ ಇದ್ದುದರಿಂದಲೇ ಅದರ ಪ್ರಾಮಾಣ್ಯವನ್ನು ಶಂಕಿಸಿದವರೂ ಇದ್ದರು. ಶಂಕೆಯು ಅನುಚಿತವೇನೂ ಅಲ್ಲ. ಸೀಸದ ಅಂಶವುಳ್ಳ ಬಣ್ಣಗಳು ಗಂಧಕದ ಗಾಳಿಯಿಂದ ಕಪ್ಪಾಗುತ್ತವೆ; ಬೆರಕೆಯ ಹಸುರಿನಿಂದ ಹಳದಿಯು ಬಿಸಿಲಿಗೆ ಹಾರಿಹೋಗಿ ನೀಲಿ ಉಳಿಯುವುದುಂಟು; ಆಮ್ಲ ಕ್ಷಾರಗಳಿಂದ ಬೇಕೆಂದೇ ಬಣ್ಣ ಕೆಡಿಸುವವರೂ ಇದ್ದಾರೆ. ಇವನ್ನು ಮುದ್ರಕನ ಲೆಕ್ಕಕ್ಕೆ ಬರೆದರೆ ಇಲ್ಲದ ಘಟನೆಯೊಂದು ಇತಿಹಾಸದಲ್ಲಿ ಸೇರುವುದು. ತಲೆಕೆಳಗಾದ ಚೀಟಿಗೆ ಈ ಭಯ ಕಡಮೆ. ಅಲ್ಲಿ ಬಣ್ಣವು ಬದಲಾದುದಲ್ಲ. ಎರಡು ಮುದ್ರಣಗಳ ಸಂಬಂಧವು ಬದಲಾದುದು. ಅದನ್ನು ಕೃತಕವಾಗಿ ಮಾಡಬೇಕಾದರೆ ಶಿರಸ್ಸನ್ನು ಕಿತ್ತು ತಿರುಗಿಸಿ ಅಂಟಿಸಬೇಕಾಗುವುದು. ಕಾಗದವನ್ನು ಬೆಳಕಿಗೆ ಹಿಡಿದರೆ ಅಂತಹ ತೇಪೆಯು ಕಂಡುಬರುತ್ತದೆ.

ಅಮೆರಿಕದಲ್ಲಿ ೧೯೧೮ರ ಮೇ ತಿಂಗಳಲ್ಲಿ ವಿಮಾನವು ತಲೆಕೆಳಗಾಗಿ ಅಚ್ಚಾದ ನೂರು ಚೀಟಿಗಳ ಹಾಳೆಯನ್ನು ವಾಷಿಂಗ್ಟನ್ನಿನಲ್ಲಿ ಒಬ್ಬ ಸಂಗ್ರಾಹಕನು ಇಪ್ಪತ್ತನಾಲ್ಕು ಡಾಲರಿಗೆ ಕೊಂಡು, ನೋಡಿದೊಡನೆಯೇ ಅದೇನೆಂದು ತಿಳಿದುಕೊಂಡನು. ಆ ಹಾಳೆಯು ಅಖಂಡವಾಗಿ ದೊರೆತುದರಿಂದ ಅದರ ಪ್ರತಿಯೊಂದು ಚೀಟಿಯ ಸ್ಥಾನವೂ ಗೊತ್ತಾಗಿದೆ. ಕಲ್ಕತ್ತೆಯ ಹಾಳೆಗಳಿಗೆ ಆ ಭಾಗ್ಯವಿರಲಿಲ್ಲ.

೧೮೫೫ರಲ್ಲಿ ಲಂಡನ್ನಿನ ಡಿ ಲಾ ರೂ ಸಂಸ್ಥೆಯಲ್ಲಿ ಅಚ್ಚಾದ ಹೊಸ ನಾಲ್ಕಾಣೆಯ ಚೀಟಿಗಳು ಬಂದುವು. ಅವು ಹೊಳಪುಳ್ಳ ನೀಲಿಯ ಕಾಗದದ ಮೇಲೆ ಕಪ್ಪಿನ ಒಂದೇ ಬಣ್ಣದಲ್ಲಿದ್ದುವು. ಹಾಳೆಯು ಯಂತ್ರಕ್ಕೆ ಒಂದೇ ಸಲ ಹೋಗುತ್ತಿದ್ದುದರಿಂದ ಶಿರಸ್ಸು ಚೌಕಟ್ಟಿಗೆ ವಿರುದ್ಧವಾಗಿ ನಿಲ್ಲಲು ಅವಕಾಶವೇ ಇರಲಿಲ್ಲ. ಭಾರತದಲ್ಲಿ ಎರಡು ವರ್ಣದ ಚೀಟಿಗಳು ಮತ್ತೆ ಕಾಣಿಸಿಕೊಂಡುದು ೧೮೯೨ರಲ್ಲಿ, ಒಂದು ರೂಪಾಯಿಯ ಬೆಲೆಯುಳ್ಳದರಲ್ಲಿ.